ದಾನವೂ ನ್ಯಾಯವೂ

ನ್ಯಾಯವನ್ನು ಕೇಳಿದವನ ಸ್ಮರಣೆಗೆ ದಾನವನ್ನು ಕೊಟ್ಟರೆ ಸಾಕೋ?

ಅಮೇರಿಕ ದೇಶದಲ್ಲಿ ಕಪ್ಪು ವರ್ಣದ ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗರೆಂಬ ಸಭಾಪಾಲಕರ ನೆನಪಿಗೆ ಜನವರಿ ತಿಂಗಳಿನ ಮೂರನೆಯ ಸೋಮವಾರವು ಮೀಸಲಾಗಿದೆ. 1994ರ ಕಾಯಿದೆಯಿಂದ ಅದು ಸೇವೆಯ ದಿನವೂ ಆಯಿತು. ಆ ದಿನ ಅನೇಕರು ಹಸಿದವರಿಗೆ ಉಣಬಡಿಸುತ್ತಾರೆ, ಹಣವನ್ನೂ ಕೊಡುತ್ತಾರೆ. ಇದು ಒಳ್ಳೇದೇ. ಕಿಂಗರು ಸಹ 1964ರಲ್ಲಿ ದೊರೆತ ನೊಬೆಲ್ ಬಹುಮಾನದ ಹಣವನ್ನು ತಮಗೆ ಇಟ್ಟುಕೊಳ್ಳದೆ ಹೋರಾಟಕ್ಕೆ ಕೊಟ್ಟುಬಿಟ್ಟರು.

ಆದರೆ ಅವರ ಮರಣವನ್ನು ಆಲೋಚಿಸಿರಿ. 1968ರಲ್ಲಿ ಮೆಂಫಿಸ್ ಪಟ್ಟಣದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕೆಲಸಗಾರರು ಸತ್ತರು. ಆಗ ಕಸ ಎತ್ತುವ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿ, ಭಿಕ್ಷೆಯನ್ನಲ್ಲ, ಸರಿಯಾದ ಸಂಬಳವನ್ನೂ ಮಾನವನ್ನೂ ಕೇಳಿದರು. ಅವರ ಪಕ್ಷ ವಹಿಸಲು ಹೋದ ಕಿಂಗರು ಏಪ್ರಿಲ್ 4ರಂದು ಅಲ್ಲಿಯೇ ಗುಂಡಿಗೆ ಬಲಿಯಾದರು.

ಕೂಲಿಯನ್ನು ಹಿಡಿದಿಟ್ಟುಕೊಂಡವನು ಅದೇ ಕೂಲಿಯವನಿಗೆ ಅನ್ನವಿಕ್ಕಿದರೆ ಅದು ದಾನವಾಗದು. ಸಾಲದಲ್ಲಿ ಒಂದು ಪಾಲು ತೀರಿದಂತೆ ಅಷ್ಟೇ. ಹಾಗೆಂದು ಹಸಿದವನು ನ್ಯಾಯ ದೊರೆಯುವ ತನಕ ಕಾದಿರಲಾರನು. ಆದದರಿಂದ ಒಂದು ಕೈ ಅನ್ನವನ್ನು ನೀಡಲಿ, ಮತ್ತೊಂದು ಕೈ ನೊಗವನ್ನು ಬಿಚ್ಚಲಿ. ಸೋಮವಾರ ಮಾಡಿದ ಸೇವೆಯು ಮಂಗಳವಾರ ಕೂಲಿಯ ಲೆಕ್ಕ ಮಾಡುವಾಗಲೂ ಕಾಣಿಸಿದರೆ, ಆ ಸ್ಮರಣೆಯೇ ನಿಜವಾದ ಸ್ಮರಣೆ.