ಇಂದಿನ ಚಿಂತನೆ: ಹಳೆಯದರ ವೇಷ



ಮೊನ್ನೆ ದೊಡವಾಡದ ನಮ್ಮ ಮನೆಯಲ್ಲಿ ಮಗ ತನ್ನ ಗಿಟಾರಿನ ಹೊಸ ಟ್ಯೂನಿಂಗ್ ಕೀ, ಸ್ಕ್ರೂಗಳನ್ನು ವಿನೆಗರ್ ಬಟ್ಟಲಿನ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ಆ ಆವಿಗೆ ನಿಕಲ್ ಲೇಪದ ಹೊಳಪು ಹೋಗಿ ಮಂಕಾಗುತ್ತದೆ. "ಹಳೇದರಂಗ ಕಂಡ್ರ ಚಂದ ಇರ್ತೈತಿ ಅಪ್ಪಾ" ಎಂದ.

ಇದು ಸುಳ್ಳಲ್ಲವೇ ಎಂದೆ. ಅಮೆರಿಕದ ಫೆಂಡರ್ ಕಂಪನಿ 1995ರಿಂದ ಹೊಸ ಗಿಟಾರುಗಳನ್ನೇ ಹೀಗೆ ಸವೆಸಿ, ಹೇಳಿಯೇ ಮಾರುತ್ತದಂತೆ. ಹೇಳಿ ಮಾರಿದರೆ ತಪ್ಪಿಲ್ಲ. ಹಳೆಯದೆಂದು ನಂಬಿಸಿದರೆ ಸುಳ್ಳಾಡಬಾರದೆಂಬ ಶೀಲ ಮುರಿಯುತ್ತದೆ.

ಅಜ್ಜ ಭಜನೆಗೆ ಬಾರಿಸುತ್ತಿದ್ದ ಹಿತ್ತಾಳೆ ತಾಳವನ್ನು ಪಕ್ಕದಲ್ಲಿಟ್ಟು ನೋಡಿದೆ. ಅದು ಸವೆದಿರುವುದು ಬಡಿತ ಬಿದ್ದ ಅಂಚಿನಲ್ಲಿ, ದಾರ ಹಾಯ್ದ ತೂತಿನಲ್ಲಿ ಮಾತ್ರ. ವಿನೆಗರ್ ಎಲ್ಲ ಕಡೆಯೂ ಒಂದೇ ಸಮ ಮಂಕು ಹಚ್ಚಿತ್ತು.

ಬುದ್ಧಿ ಹೇಳಹೊರಟವನಿಗೆ ನನ್ನ ತರಗತಿ ನೆನಪಾಯಿತು. ಬಳಗದಲ್ಲಿ ನಾನು ಬಲು ಶಾಂತ. ಆದರೆ ಅದೇ ವಾರ ತಡವಾಗಿ ಬಂದ ಹುಡುಗನ ಮೇಲೆ ಕಾರಣವನ್ನೂ ಕೇಳದೆ ಕೂಗಾಡಿದ್ದೆ. ನನ್ನ ಶಾಂತಿಯೂ ಮೇಲೆ ಹಚ್ಚಿದ ಬಣ್ಣವೇ. ಬಡಿತ ಬಿದ್ದಾಗ ನಿಲ್ಲಲಿಲ್ಲ.

ಮರುದಿನ ಅವನನ್ನು ಕರೆದು ಕೇಳಿದೆ. ಹೊಲಕ್ಕೆ ಬುತ್ತಿ ಕೊಟ್ಟು ಬಂದಿದ್ದನಂತೆ. ತಪ್ಪಾಯಿತು ಎಂದೆ.

ನಮಗೆ ದಿನವೂ ಬಡಿತ ಬೀಳುವ ಜಾಗ ಯಾವುದು? ಅಲ್ಲಿ ನಮ್ಮ ತಾಳ್ಮೆ ಇದೆಯೇ? ಇಂದು ನೋಡಿಕೊಳ್ಳೋಣ. 🙏