ಧ್ವಜವೂ ನಿಷ್ಠೆಯೂ

ನಮ್ಮ ಕಾವ್ಯಗಳಲ್ಲಿ ಧ್ವಜವೆಂಬುದು ಒಬ್ಬನ ಹೆಸರೇ ಆಗಿರುತ್ತದೆ. ಅರ್ಜುನನೆನ್ನುವುದಕ್ಕೆ ಬದಲಾಗಿ ಕಪಿಧ್ವಜನೆಂದರೆ ಸಾಕು. ಫಣಿಕೇತನನೆಂದರೆ ದುರ್ಯೋಧನನೇ ಹೊರತು ಬೇರೊಬ್ಬನಲ್ಲ. ದೇವತೆಗಳಲ್ಲಿಯೂ ಇದೇ ಕ್ರಮ: ವೃಷಭಧ್ವಜನೊಬ್ಬ, ಗರುಡಧ್ವಜನೊಬ್ಬ, ಮಕರಕೇತನನೊಬ್ಬ. ಧೂಳೆದ್ದ ರಣರಂಗದಲ್ಲಿ ಮುಖ ಕಾಣದಿದ್ದರೂ ರಥದ ಮೇಲಣ ಚಿಹ್ನೆ ಕಾಣುತ್ತಿತ್ತು. ಅದು ನಿಂತಿರುವವರೆಗೆ ಒಡೆಯನಿದ್ದಾನೆಂದು ಸೇನೆ ನಂಬುತ್ತಿತ್ತು. ಬಿದ್ದರೆ ಬೆನ್ನು ತೋರಿಸುತ್ತಿತ್ತು. ಹೀಗೆ ಧ್ವಜವು ಒಬ್ಬ ವ್ಯಕ್ತಿಯ ಗುರುತು. ಅದರ ಕೆಳಗೆ ನಿಂತವರು ಆ ವ್ಯಕ್ತಿಯ ಕಡೆಯವರು. ಆದರೆ ಇಂದು ಧ್ವಜಕ್ಕೆ ವಂದಿಸುವ ಮನುಷ್ಯನು ಯಾವ ಒಡೆಯನಿಗೂ ವಂದಿಸುತ್ತಿಲ್ಲ. ಹಾಗಾದರೆ ಆತನು ಗೌರವಿಸುತ್ತಿರುವುದು ಏನನ್ನು? ಬಟ್ಟೆಯನ್ನೆ, ಬಣ್ಣವನ್ನೆ, ಅಥವಾ ಆ ಬಟ್ಟೆಗೆ ಇಂಥ ಅರ್ಥವೆಂದು ವಿಧಿಸಿದವರ ಆಜ್ಞೆಯನ್ನೆ? ಪಂಡಿತರ ಗೋಷ್ಠಿಗೆ ತಕ್ಕುದಾಗಿ ಕಾಣುವ ಈ ಪ್ರಶ್ನೆಯು ಮೈಸೂರು ಸೀಮೆಯಲ್ಲಿ ಒಮ್ಮೆ ರೈತರ ಪ್ರಾಣದ ಪ್ರಶ್ನೆಯಾಗಿ ಪರಿಣಮಿಸಿತು.

ಕನ್ನಡ ನಾಡಿನ ಅರಸುಮನೆತನಗಳು ಧ್ವಜಲಾಂಛನಗಳ ವಿಷಯದಲ್ಲಿ ಬಹು ಅಭಿಮಾನವುಳ್ಳವುಗಳಾಗಿದ್ದುವು. ಕದಂಬರದು ವಾನರಧ್ವಜ, ಸಿಂಹಲಾಂಛನ. ಬಾದಾಮಿಯ ಚಾಲುಕ್ಯರದು ವರಾಹಲಾಂಛನ. ಇವೆಲ್ಲಕ್ಕಿಂತ ವಿಚಾರಾರ್ಹವಾದುದು ಪಾಳಿಧ್ವಜದ ಕಥೆ. ಏಳನೆಯ ಶತಮಾನದ ಕೊನೆಯಲ್ಲಿ ಆಳಿದ ವಿನಯಾದಿತ್ಯನು ಉತ್ತರಾಪಥದ ಒಡೆಯನೊಬ್ಬನನ್ನು ಸೋಲಿಸಿ ಈ ಧ್ವಜವನ್ನು ಪಡೆದನೆಂದು ಚಾಲುಕ್ಯ ಶಾಸನಗಳು ಹೊಗಳುತ್ತವೆ. ಮುಂದೆ ಚಾಲುಕ್ಯರನ್ನು ತಳ್ಳಿ ಬಂದ ರಾಷ್ಟ್ರಕೂಟರ ಬಿರುದಾವಳಿಯಲ್ಲಿಯೂ ಅದೇ ಪಾಳಿಧ್ವಜವು ಮೆರೆಯಿತು. ಆನೆಯನ್ನು ಹಿಡಿದು ತಂದಂತೆ, ಭಂಡಾರವನ್ನು ಸೂರೆಗೈದಂತೆ, ಧ್ವಜವನ್ನೂ ಕಿತ್ತು ತರಬಹುದಾಗಿತ್ತು. ತಂದವನಿಗೆ ಅದು ಸ್ವತ್ತಾಗುತ್ತಿತ್ತು. ಅದರ ನೆರಳಿನಲ್ಲಿ ಉಳುತ್ತಿದ್ದ ಒಕ್ಕಲಿಗನ ಮನಸ್ಸು ಏನಾಗಿತ್ತೆಂಬುದನ್ನು ಯಾವ ಶಾಸನವೂ ಕೇಳಲಿಲ್ಲ. ಕೇಳುವ ಕಾರಣವೂ ಇರಲಿಲ್ಲ, ಧ್ವಜವು ಅವನದಾಗಿರಲಿಲ್ಲವಷ್ಟೆ.

ಮೈಸೂರಿನ ಗಂಡಭೇರುಂಡವೂ ಇಂಥದೇ ದೀರ್ಘ ಪರಂಪರೆಯಿಂದ ಬಂದುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಎತ್ತರವಾದ ಕಂಬವೊಂದಿದೆ. 1047ರಲ್ಲಿ ಚಾಮುಂಡರಾಯನೆಂಬ ಅಧಿಕಾರಿಯು ನಿಲ್ಲಿಸಿದ ಆ ಕಂಬದ ತುದಿಯಲ್ಲಿ ಮನುಷ್ಯದೇಹಕ್ಕೆ ಎರಡು ಪಕ್ಷಿಶಿರಗಳನ್ನಿಟ್ಟ ಭೇರುಂಡಮೂರ್ತಿಯಿದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಅದೇ ಪಕ್ಷಿಯು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದು ಹಾರುತ್ತದೆ. ಕೆಳದಿಯ ರಾಮೇಶ್ವರ ದೇವಾಲಯದ ಮಾಳಿಗೆಯಲ್ಲಿಯೂ ಅದು ಕೆತ್ತಲ್ಪಟ್ಟಿದೆ. ಹೀಗೆ ಮನೆತನದಿಂದ ಮನೆತನಕ್ಕೆ ಹಾರಿ ಬಂದು ಅದು ಒಡೆಯರ ಅರಮನೆಯ ಮೇಲೆ ಕುಳಿತಿತು. ಆನೆಗಳನ್ನು ತೃಣದಂತೆ ಎತ್ತುವ ಹಕ್ಕಿಯ ಸಂಕೇತವು ಸ್ಪಷ್ಟ: ಬಲಕ್ಕೆ ಮೀರಿದ ಬಲ. ಆದರೆ ಪಂಚತಂತ್ರದಲ್ಲಿ ಇದರ ಬಂಧುವಾದ ಇನ್ನೊಂದು ಹಕ್ಕಿಯಿದೆ. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಅದು ಇನ್ನೊಂದಕ್ಕೆ ಕೊಡಲಿಲ್ಲ. ಮುನಿದ ಎರಡನೆಯ ತಲೆ ವಿಷದ ಹಣ್ಣನ್ನು ತಿಂದಿತು. ಒಡಲೊಂದೇ ಆದುದರಿಂದ ಎರಡೂ ಸತ್ತುವು. ಲಾಂಛನವನ್ನು ಬರೆದ ಚಿತ್ರಕಾರರಿಗೆ ಈ ಕಥೆ ನೆನಪಿತ್ತೋ ಇಲ್ಲವೋ, 1938ರಲ್ಲಿ ಮೈಸೂರಿನವರಿಗೆ ನೆನಪಾಗಬೇಕಾಗಿತ್ತು.

ಆ ವೇಳೆಗೆ ಇನ್ನೊಂದು ಧ್ವಜವು ನಾಡಿನೊಳಗೆ ಬಂದಿತ್ತು. ಕಾಂಗ್ರೆಸ್ಸಿನ ಆ ತ್ರಿವರ್ಣಕ್ಕೆ ಅರಮನೆಯಿರಲಿಲ್ಲ, ಸೈನ್ಯವಿರಲಿಲ್ಲ. ಅದರ ಅರ್ಥವೂ ಸಭೆಗಳಲ್ಲಿ ಚರ್ಚೆಯಾಗಿ ಬದಲಾಗುತ್ತ ಬಂದುದು. 1921ರಲ್ಲಿ ಪಿಂಗಳಿ ವೆಂಕಯ್ಯನವರು ಬೆಜವಾಡದಲ್ಲಿ ತೋರಿಸಿದ ನಕ್ಷೆಯಲ್ಲಿ ಕೆಂಪು ಹಸುರುಗಳು ಎರಡು ಮತಸಮುದಾಯಗಳನ್ನು ಸೂಚಿಸಿದುವು. ಮಿಕ್ಕವರಿಗಾಗಿ ಗಾಂಧಿಯವರು ಬಿಳಿಯನ್ನು ಸೇರಿಸಿದರು. ಒಂದೊಂದು ಜನಕ್ಕೆ ಒಂದೊಂದು ಪಟ್ಟಿಯೆಂದರೆ ಪಟ್ಟಿಯ ಅಗಲದ ಮೇಲೆ ವ್ಯಾಜ್ಯ ತಪ್ಪದೆಂಬುದು ಹತ್ತು ವರ್ಷಗಳಲ್ಲಿ ತಿಳಿದುಹೋಯಿತು. 1931ರಲ್ಲಿ ಕೇಸರಿ, ಬಿಳಿ, ಹಸುರುಗಳನ್ನು ಚರಕದೊಡನೆ ಅಂಗೀಕರಿಸಿದಾಗ ಬಣ್ಣಗಳಿಗೆ ಮತದ ಅರ್ಥವಿಲ್ಲವೆಂದೂ ಅವು ತ್ಯಾಗ, ಸತ್ಯ, ಶ್ರದ್ಧೆ ಮೊದಲಾದ ಗುಣಗಳ ಸೂಚನೆಗಳೆಂದೂ ಸಾರಲಾಯಿತು. ಗುಣವು ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನು ಪಾಳಿಧ್ವಜದಂತೆ ಗೆದ್ದು ತರುವುದಕ್ಕೂ ಆಗುವುದಿಲ್ಲ.

ಮೈಸೂರು ಸರ್ಕಾರವು ಈ ಧ್ವಜದ ಆರೋಹಣವನ್ನು ಪ್ರತಿಬಂಧಿಸಿತು. ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನವು ಸೇರಿ, ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರೂ ಅವರ ಸಂಗಡಿಗರೂ ಆಜ್ಞೆಯನ್ನು ಮೀರಿ ದಸ್ತಗಿರಿಯಾದರು. ಇಲ್ಲಿ ಎರಡು ಪಕ್ಷಗಳಿಗೂ ಹೇಳತಕ್ಕ ಮಾತಿತ್ತೆಂಬುದನ್ನು ಮರೆಯಬಾರದು. ಮೈಸೂರು ದುರಾಡಳಿತದ ಸಂಸ್ಥಾನವಾಗಿರಲಿಲ್ಲ. 1881ರಿಂದ ಪ್ರಜಾಪ್ರತಿನಿಧಿ ಸಭೆ, 1916ರಿಂದ ವಿಶ್ವವಿದ್ಯಾನಿಲಯ, ಕನ್ನಂಬಾಡಿಯ ಕಟ್ಟೆ. ಸಿಂಹಾಸನದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರಂಥ ಧರ್ಮಬುದ್ಧಿಯ ಪ್ರಭು. ಧ್ವಜವನ್ನೇರಿಸಿದವರಲ್ಲಿ ಅನೇಕರ ಮನೆಯ ಗೋಡೆಯ ಮೇಲೆ ಆ ಪ್ರಭುವಿನ ಪಟವೇ ಇದ್ದಿರಬೇಕು. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಜನರ ನೀತಿ. ಒಳ್ಳೆಯ ಅರಸನ ನೆಲದಲ್ಲಿ ಬೇರೆ ಧ್ವಜವನ್ನು ನೆಡುವುದು ಕೃತಘ್ನತೆಯಲ್ಲವೆ? ಇದಲ್ಲದೆ ಅದು ಒಂದು ಪಕ್ಷದ ಧ್ವಜ. ಆ ಪಕ್ಷಕ್ಕೆ ಸೇರದ ಪ್ರಜೆಗಳ ಗತಿಯೇನು?

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಮೊದಲನೆಯದಕ್ಕೆ ಇರುವಂತೆ ಕಾಣುತ್ತದೆ, ಆದರೆ ನಿಲ್ಲುವುದಿಲ್ಲ. ಉಂಡ ಮನೆಯೆಂದರೆ ಯಾರ ಮನೆ? ಕಂದಾಯವನ್ನು ಕೊಟ್ಟವನು ರೈತ; ಕಟ್ಟೆಗೆ ಕಲ್ಲು ಹೊತ್ತವನೂ ಅವನೇ. ಪ್ರಭುವು ಆ ಋಣವನ್ನು ಧರ್ಮದಿಂದ ತೀರಿಸಿದನೆಂದರೆ ಅದು ಸ್ತುತ್ಯವಾದುದು. ಆದರೆ ತೀರಿಸಿದ ಋಣವು ಹೊಸ ಋಣವಾಗಲಾರದು. ಒಳ್ಳೆಯ ತಂದೆಯ ಮಗನೂ ಪ್ರಾಪ್ತವಯಸ್ಕನಾದ ಮೇಲೆ ಬೇರೆ ಒಲೆ ಹೂಡುವುದುಂಟು. ಅಷ್ಟರಿಂದಲೇ ಅವನು ತಂದೆಗೆ ವೈರಿಯಾಗುವುದಿಲ್ಲ. ಸರ್ಕಾರದ ಭ್ರಮೆಗೆ ಕಾರಣ, ಅದು ಹೊಸ ಧ್ವಜವನ್ನು ಹಳೆಯ ಕಣ್ಣಿನಿಂದ ನೋಡಿದುದು. ಧ್ವಜವೆಂದಮೇಲೆ ಅದರ ಕೆಳಗೊಬ್ಬ ಒಡೆಯನಿರಲೇಬೇಕು. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಇದು ಪಾಳಿಧ್ವಜದ ಕಾಲದ ತರ್ಕ. ಶಿವಪುರದ ಕಂಬದ ಕೆಳಗೆ ಸಿಂಹಾಸನವಿರಲಿಲ್ಲವೆಂಬುದನ್ನು ಅಧಿಕಾರಿಗಳು ನೋಡದೆ ಹೋದರು.

ಅದರ ಫಲವನ್ನು ಅನುಭವಿಸಿದುದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ವಿದುರನು ನೆಟ್ಟನೆಂದು ಜನರು ನಂಬಿದ ಅಶ್ವತ್ಥವೃಕ್ಷ, ಅದರ ಸುತ್ತ ಸಂತಾನಾರ್ಥಿಗಳು ಪ್ರತಿಷ್ಠಿಸಿದ ಅಸಂಖ್ಯ ನಾಗರಕಲ್ಲುಗಳು: ಇಂಥ ಕ್ಷೇತ್ರದಲ್ಲಿ 1938ರ ಏಪ್ರಿಲ್ 25ರಂದು ಧ್ವಜವನ್ನೇರಿಸಲು ಜನ ಸೇರಿದರು, ಪೋಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟೆಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರ. ಸರ್ಕಾರವು ಹತ್ತರ ಸುಮಾರಿನಲ್ಲಿ ನಿಲ್ಲಿಸಿತು, ಜನರು ಮೂವತ್ತಕ್ಕೂ ಮೇಲೆಂದರು. ಆ ಸತ್ತವರಲ್ಲಿ 1931ರ ನಿರ್ಣಯವನ್ನು ಓದಿದ್ದವರು ಎಷ್ಟು ಮಂದಿ? ಬಹುಶಃ ಒಬ್ಬರೂ ಇಲ್ಲ. ಬಣ್ಣಗಳ ಅರ್ಥವನ್ನು ಅವರು ತಿಳಿಯದಿದ್ದರೂ ಆ ಬಟ್ಟೆಯನ್ನು ಏರಿಸುವುದಕ್ಕೆ ತಮ್ಮ ಅನುಮತಿಯೇ ಸಾಕೆಂಬುದನ್ನು ತಿಳಿದಿದ್ದರು. ಅದುವರೆಗೆ ಧ್ವಜವು ಪ್ರಜೆಗೆ ರಕ್ಷಣೆ ಕೊಡುವ ವಸ್ತುವಾಗಿತ್ತು. ಅಂದು ಪ್ರಜೆಯೇ ಧ್ವಜವನ್ನು ರಕ್ಷಿಸಬೇಕಾಯಿತು. ಅದಕ್ಕೆ ನಿಜವಾದ ಅರ್ಥವನ್ನು ಬರೆದವರು ಅವರೆಂದರೆ ಅತಿಶಯೋಕ್ತಿಯಾಗದು.

ಮುಂದಿನ ತಿಂಗಳಿನಲ್ಲಿ ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡಸಿದರು. ಆದ ಒಪ್ಪಂದದಂತೆ ಸಾರ್ವಜನಿಕ ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜವೂ ಕಾಂಗ್ರೆಸ್ಸಿನ ಧ್ವಜವೂ ಜೊತೆಯಲ್ಲಿ ಹಾರತಕ್ಕದ್ದು. ಪಕ್ಷದ ಸ್ವಂತ ಸಭೆಗಳಲ್ಲಿ ಪಕ್ಷದ ಧ್ವಜವೊಂದೇ ಸಾಕು. ಇಷ್ಟು ಸರಳವಾದ ಮಾತನ್ನು ಏಪ್ರಿಲಿನಲ್ಲಿಯೇ ಆಡಬಹುದಾಗಿತ್ತಲ್ಲವೆ ಎಂದು ಓದಿದವರಿಗೆ ಸಂಕಟವಾಗುತ್ತದೆ. ಇದನ್ನು ಕೇವಲ ರಾಜಕೀಯದ ಚೌಕಾಶಿಯೆಂದು ಅಲ್ಲಗಳೆದವರಿದ್ದಾರೆ. ಆದರೆ ಅದರೊಳಗೊಂದು ತತ್ತ್ವವಿದೆ: ನಿಷ್ಠೆಯೆಂಬುದು ಕೊಡದೊಳಗಣ ನೀರಿನಂತೆ ಒಬ್ಬರಿಗೆ ಸುರಿದರೆ ಇನ್ನೊಬ್ಬರಿಗೆ ಕಡಮೆಯಾಗುವ ವಸ್ತುವಲ್ಲ. ಹೆತ್ತವಳಿಗೂ ಸಾಕಿದವಳಿಗೂ ನಮಸ್ಕರಿಸುವವನನ್ನು ದ್ವಂದ್ವಬುದ್ಧಿಯವನೆಂದು ಯಾರೂ ಹೇಳರು. ಒಂದು ಧ್ವಜವು ಇನ್ನೊಂದನ್ನು ಇಳಿಸೆಂದು ಕೇಳಿದಾಗ ಮಾತ್ರ ವಿರೋಧ ಹುಟ್ಟುತ್ತದೆ.

ಈ ನ್ಯಾಯವು ಪ್ರಜೆಗಳ ಧ್ವಜಕ್ಕೂ ಅನ್ವಯಿಸುತ್ತದೆ. ಬಳ್ಳಿಗಾವೆಯ ಭೇರುಂಡಕಂಬವಿರುವ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಈಸೂರೆಂಬ ಹಳ್ಳಿಯಿದೆ. 1942ರಲ್ಲಿ ಆ ಊರಿನವರು ವೀರಭದ್ರ ದೇವಾಲಯದ ಮೇಲೆ ತ್ರಿವರ್ಣವನ್ನೇರಿಸಿ, ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ಹುಡುಗರನ್ನೇ ಅಮಲ್ದಾರನನ್ನಾಗಿಯೂ ಸಬ್ ಇನ್‌ಸ್ಪೆಕ್ಟರನನ್ನಾಗಿಯೂ ನೇಮಿಸಿಕೊಂಡರು. ಅಲ್ಲಿಯವರೆಗೆ ಅದು ಕೇಳಿದವರ ಮುಖದಲ್ಲಿ ನಗೆಯನ್ನೂ ಹೆಮ್ಮೆಯನ್ನೂ ತರುವ ಪ್ರಸಂಗ. ಆಮೇಲೆ ಬಂದ ಸರ್ಕಾರಿ ಅಧಿಕಾರಿಗಳನ್ನು ಗಾಂಧಿ ಟೋಪಿ ಧರಿಸಿರೆಂದು ಒತ್ತಾಯಪಡಿಸಿದರೆಂದು ಹೇಳುತ್ತಾರೆ, ಜಗಳ ಹತ್ತಿತು, ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಹತರಾದರು. ಊರಿನ ಮೇಲೆ ಬಿದ್ದ ದಂಡನೆ ಘೋರವಾದುದು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಿದರು. ಆ ಐವರ ಧೈರ್ಯಕ್ಕೆ ತಲೆಬಾಗುವವರೂ ಸತ್ತ ಇಬ್ಬರನ್ನು ಮರೆಯಬಾರದು. ವಿದುರಾಶ್ವತ್ಥದಲ್ಲಿ ಧ್ವಜವು ಏರಿಸಿದವರಿಂದ ಪ್ರಾಣವನ್ನು ಕೇಳಿತು. ಈಸೂರಿನಲ್ಲಿ ಒಪ್ಪದವರಿಂದಲೂ ಕೇಳಿತು. ಒಂದು ಟೋಪಿಯನ್ನು ಇನ್ನೊಬ್ಬನ ತಲೆಯ ಮೇಲೆ ಬಲಾತ್ಕಾರವಾಗಿ ಇಡಹೊರಟ ಕ್ಷಣದಲ್ಲಿ, ಅರಮನೆಯ ಧ್ವಜಕ್ಕೂ ಜನರ ಧ್ವಜಕ್ಕೂ ಇದ್ದ ಭೇದವು ಅಳಿಸಿಹೋಯಿತು.

1947ರ ಜುಲೈ 22ರಂದು ಸಂವಿಧಾನ ಸಭೆಯು ಚರಕದ ಸ್ಥಾನದಲ್ಲಿ ಅಶೋಕಚಕ್ರವನ್ನಿಟ್ಟು ತ್ರಿವರ್ಣವನ್ನು ರಾಷ್ಟ್ರಧ್ವಜವಾಗಿ ಅಂಗೀಕರಿಸಿತು. ಪಕ್ಷದ ಧ್ವಜವೆಂಬ ಹಳೆಯ ಆಕ್ಷೇಪಕ್ಕೆ ಹೀಗೆ ಸಮಾಧಾನ ದೊರೆಯಿತು. ಅದರ ಬಟ್ಟೆಯನ್ನು ಧಾರವಾಡದ ಬಳಿಯ ಗರಗದಲ್ಲಿ ನೂತು ನೆಯ್ದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಂದಿಗೂ ಖಾದಿಧ್ವಜಗಳನ್ನು ಹೊಲಿಯುತ್ತಾರೆ. 2021ರ ಕೊನೆಯಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದಿಂದಾದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಕೊಟ್ಟರು. ಅಗ್ಗವಾಯಿತೆಂಬುದು ನಿಜ; ನೂಲಿನಲ್ಲಿಯೇ ಇದ್ದ ಒಂದು ಅರ್ಥವು ಮಾತ್ರ ಹೊರಗುಳಿಯಿತು.

ಗಂಡಭೇರುಂಡಕ್ಕೆ ಒದಗಿದ ಗತಿ ವಿಚಿತ್ರವಾದುದು. ಧ್ವಜದಿಂದ ಇಳಿದ ಮೇಲೆ ಅದು ರಾಜ್ಯದ ಲಾಂಛನದಲ್ಲಿ ಅಶೋಕಸ್ತಂಭದ ಸಿಂಹಗಳ ಕೆಳಗೆ ನೆಲೆಸಿತು. ಸರ್ಕಾರಿ ಕಾಗದದ ಮೇಲೆ, ಸಾರಿಗೆ ಬಸ್ಸಿನ ಮೇಲೆ ದಿನವೂ ಕಾಣಿಸುವ ಆ ಹಕ್ಕಿಗೆ ಈಗ ಯಾರೂ ಹೆದರರು, ಯಾರೂ ಅದಕ್ಕಾಗಿ ಸಾಯರು. 1956ರಲ್ಲಿ ಒಂದಾದ ನಾಡಿನ ಬಹುಭಾಗವು, ಬೀದರ, ಬಿಜಾಪುರ, ಧಾರವಾಡ, ಮಂಗಳೂರು, ಮಡಿಕೇರಿಗಳೆಲ್ಲ, ಒಡೆಯರ ಧ್ವಜದ ಕೆಳಗಿನಿಂದ ಬಂದುವಲ್ಲ. ಆದುದರಿಂದಲೇ ಇರಬೇಕು, 1960ರ ದಶಕದಲ್ಲಿ ಕನ್ನಡ ಚಳವಳಿಯ ಮ. ರಾಮಮೂರ್ತಿಯವರು ರೂಪಿಸಿದ ಹಳದಿ ಕೆಂಪು ಬಾವುಟವು ಎಲ್ಲ ಸೀಮೆಗಳಲ್ಲಿಯೂ ಹಿಡಿಯಿತು. ಅದರಲ್ಲಿ ಯಾವ ಅರಸನ ಹಕ್ಕಿಯೂ ಮೃಗವೂ ಇಲ್ಲ. ಮನೆಯ ದೇವರ ಮುಂದಿನ ಅರಿಸಿನ ಕುಂಕುಮಗಳ ಬಣ್ಣವಷ್ಟೆ. ಸರ್ಕಾರದ ಆಜ್ಞೆಯಿಲ್ಲದೆ, ಕಾನೂನಿನ ಕಾವಲಿಲ್ಲದೆ, ಆಟೋರಿಕ್ಷಾ ನಿಲ್ದಾಣದಿಂದ ವಿದೇಶದ ಕನ್ನಡ ಸಂಘದವರೆಗೆ ಅದು ಹಾರಿತು.

ರಾಜ್ಯಕ್ಕೆ ಅಧಿಕೃತ ಧ್ವಜವೊಂದಿರಬೇಕೆಂಬ ವಾದವು ಆಮೇಲಿನದು. 2017ರಲ್ಲಿ ಸಮಿತಿಯೊಂದನ್ನು ನೇಮಿಸಿ, 2018ರ ಮಾರ್ಚಿ 8ರಂದು ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡದ ಲಾಂಛನವನ್ನಿಟ್ಟ ನಕ್ಷೆಯನ್ನು ಪ್ರಕಟಿಸಿ ಕೇಂದ್ರದ ಒಪ್ಪಿಗೆಗೆ ಕಳುಹಿಸಿದರು. ರಾಷ್ಟ್ರಕ್ಕೆ ಒಂದೇ ಧ್ವಜ ಸಾಕೆಂದವರು 1938ರ ಅಧಿಕಾರಿಗಳ ತರ್ಕವನ್ನೇ ಬೇರೆ ಬಾಯಿಂದ ಆಡಿದರು. 1952ರಿಂದ 2019ರವರೆಗೆ ಜಮ್ಮು ಕಾಶ್ಮೀರಕ್ಕೆ ನೇಗಿಲಿನ ಚಿಹ್ನೆಯ ಸ್ವಂತ ಧ್ವಜವಿತ್ತು. ಅದರ ಪರ ವಿರೋಧಗಳ ಕಹಿಯೂ ಈ ಚರ್ಚೆಯಲ್ಲಿ ಬೆರೆಯಿತು. ಆದರೆ ಅಧಿಕೃತವಾಗಬೇಕೆಂದವರು ಯೋಚಿಸಬೇಕಾದ ಇನ್ನೊಂದು ಮಾತಿದೆ. ಇಂದು ಆ ಬಾವುಟವನ್ನು ಕಟ್ಟುವವನು ಪ್ರೀತಿಯಿಂದ ಕಟ್ಟುತ್ತಾನೆ. ಕೆಲವೆಡೆ ನೆರೆಯ ಅಂಗಡಿಯವನು ಅಂಜಿಕೆಯಿಂದಲೂ ಕಟ್ಟುತ್ತಾನೆಂಬುದು ಅಷ್ಟೇ ಸತ್ಯ. ಆಜ್ಞೆಯು ಬಂದರೆ ಪ್ರೀತಿಗೆ ಅದರಿಂದ ಹೆಚ್ಚೇನೂ ಸೇರುವುದಿಲ್ಲ. ಅಂಜಿಕೆಗೆ ಒಂದು ಕಾನೂನಿನ ಬೆಂಬಲ ಸೇರಬಹುದು. ಹಾಗೆ ಸೇರದಂತೆ ನಿಯಮವನ್ನು ಬರೆಯುವುದು ಸಾಧ್ಯವೇ ಎಂಬುದನ್ನು ನಕ್ಷೆಯ ಬಣ್ಣಗಳಿಗಿಂತ ಮೊದಲು ಚರ್ಚಿಸಬೇಕಾಗಿತ್ತು.

ಆ ನಕ್ಷೆಗೆ ಕೇಂದ್ರದ ಒಪ್ಪಿಗೆ ಬಂದುದಿಲ್ಲ. ನವೆಂಬರ್ ಒಂದನೆಯ ತಾರೀಖು ಬಂದಾಗ ಊರೂರಿನ ಕಂಬಗಳಲ್ಲಿ ಹಳೆಯ ಎರಡು ಬಣ್ಣದ ಬಾವುಟವೇ ಏರುತ್ತದೆ. ಅನೇಕ ಕಡೆ ಪಕ್ಕದ ಎತ್ತರದ ಕಂಬದಲ್ಲಿ ತ್ರಿವರ್ಣವೂ ಇರುತ್ತದೆ. ಅವುಗಳನ್ನು ಕಟ್ಟುವವರಿಗೆ 1938ರ ಮೇ ತಿಂಗಳಿನ ಒಪ್ಪಂದದ ಸುದ್ದಿ ತಿಳಿದಿರುವುದಿಲ್ಲ.