ಬನ್ನಿಯ ಬಂಗಾರ, ಸನ್ಮಾನದ ನಿಧಿ

ವಿಜಯದಶಮಿಯಂದು ಪುಣೆಯ ಕನ್ನಡಿಗರು ಬನ್ನಿಯನ್ನೂ, ನೆರೆಯ ಮರಾಠಿಗರು ಆಪ್ಟಾ ಎಲೆಯನ್ನೂ ಬಂಗಾರವೆಂದು ಹಂಚುವರು. ಇದರ ಹಿಂದೆ ಕೌತ್ಸನ ಕಥೆಯುಂಟು. ಗುರುದಕ್ಷಿಣೆಗೆ ಬೇಕಾದ 14 ಕೋಟಿ ಹೊನ್ನನ್ನಷ್ಟೇ ಅವನು ಸ್ವೀಕರಿಸಿದನು. ಮಿಕ್ಕುದನ್ನು ರಘುಮಹಾರಾಜನೂ ಮರಳಿ ಮುಟ್ಟಲಿಲ್ಲ. ಅದು ಜನರ ಪಾಲಾಯಿತು.

ಹಾಗಾದರೆ ಸನ್ಮಾನದ ಹಣವನ್ನು ಪಡೆದವರು ಇಟ್ಟುಕೊಳ್ಳಬೇಕೆ, ದಾನಮಾಡಬೇಕೆ? 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ತಮಗೆ ಸಮರ್ಪಿತವಾದ ನಿಧಿಯನ್ನು ಡಿ.ವಿ.ಜಿ.ಯವರು ಪೂರ್ಣವಾಗಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದರು. ತಾವೇ 1945ರಲ್ಲಿ ಕಟ್ಟಿದ ಸಂಸ್ಥೆಗೆ ಕೊಟ್ಟುದು ದಾನವೇ ಎಂದು ಲೆಕ್ಕಿಗರು ಕೇಳಿಯಾರು. ಕೇಳಲಿ, ಸಂಸ್ಥೆ ಸಾರ್ವಜನಿಕರದು, ಹಣ ಮನೆಗೆ ಬರಲಿಲ್ಲ. ಅದು ಹೊತ್ತಿರುವ ಹೆಸರಾದರೋ, ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ 75 ರೂಪಾಯಿ ಮಾಸಿಕ ವೇತನಕ್ಕೆ ದುಡಿದ ಗೋಪಾಲಕೃಷ್ಣ ಗೋಖಲೆಯವರದು.

ಆದರೆ ಡಿ.ವಿ.ಜಿ.ಯವರನ್ನು ಮುಂದಿಟ್ಟು ಬಡ ಸಾಹಿತಿಯನ್ನು ‘ನೀವೇಕೆ ಕೊಡಲಿಲ್ಲ?’ ಎಂದು ಸಭೆಯಲ್ಲಿ ಪ್ರಶ್ನಿಸುವುದು ಸಲ್ಲದು. ಬೇಡಿ ಕಿತ್ತುಕೊಂಡುದು ದಾನವಲ್ಲ, ಸುಂಕ. ಪ್ರಶ್ನಿಸುವವನ ಕೈಯಿಂದ ಹೋಗುವುದೂ ಏನಿಲ್ಲ. ಪುಸ್ತಕ ಅಚ್ಚುಹಾಕಿಸಿ ಸಾಲಗಾರನಾದವನಿಗೆ ಬಂದ ಹಣ ಕೌತ್ಸನ ಆ 14 ಕೋಟಿಯಂತೆ. ಅದು ಮೊದಲೇ ಇನ್ನೊಬ್ಬರಿಗೆ ಸಲ್ಲಬೇಕಾದುದು.